ಎರಡನೆಯ ಪೊಟ್ಟಣ

ಅಲ್ ಖುವೈರ್, ಮಸ್ಕತ್
೯ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಕಾಂತಕ್ಕನಿಗೆ,

ನಿಮ್ಮ ಕ್ಲೆಮೆಂಟಿನಾಳ ನಮಸ್ಕಾರ. ಕಾಗದ ನೋಡಿ ಗಾಬರಿಯಾಗಬೇಡಿ, ಯಾರಿಗೂ ಏನೂ ಆಗಿಲ್ಲ. ನನ್ನ ಮಂಡಿನೋವು ಇಲ್ಲಿಯ ಒಣ ಗಾಳಿಗೆ ಅರ್ಧ ಇಳಿದಿದೆ. ಮಗಳು ಮೆರಿಲ್ ನಾನು ಬಂದ ಮೇಲೆ ಎರಡು ಕಿಲೋ ದಪ್ಪಗಾಗಿದ್ದಾಳೆ. ಅಳಿಯ ಮ್ಯಾಕ್ಸ್‌ವೆಲ್ ಆಫೀಸಿನಿಂದ ಬಂದವನೇ ಬೂಟು ಬಿಚ್ಚುವ ಮೊದಲು ಫ್ರಿಜ್ ತೆರೆದು ನಿಲ್ಲುತ್ತಾನೆ. ಎಲ್ಲವೂ ಸರಿಯಾಗಿದೆ ಎಂದು ಇದರಿಂದಲೇ ತಿಳಿಯಿರಿ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀರಿ. ಕಳೆದ ತಿಂಗಳು ನಿಮಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀವು "ಹಾಂ? ಹಾಂ? ಊಟ ಆಯ್ತು, ಮೀನು ಇತ್ತು" ಎಂದು ಹೇಳಿ ಸೊಸೆ ಸೌಮ್ಯಶ್ರೀಯ ಕೈಗೆ ಫೋನ್ ಕೊಟ್ಟಿರಿ. ಕಿವಿಗೆ ಹಾಕುವ ಯಂತ್ರ ಡಬ್ಬಿಯಲ್ಲೇ ಮಲಗಿದೆ ಎಂದು ಅವಳು ಹೇಳಿದಳು. ನಾನು ಹೇಳಬೇಕಾದದ್ದು ಅವಳ ಮೂಲಕ ಹೇಳುವ ಮಾತಲ್ಲ. ಒಳ್ಳೆಯ ಹುಡುಗಿ, ಆದರೆ ಬೆಳಿಗ್ಗೆ ಅವಳಿಗೆ ಹೇಳಿದ್ದು ಸಂಜೆಯೊಳಗೆ ಹಾಲಿನ ಡೈರಿಗೆ ಮುಟ್ಟುತ್ತದೆ. ಮ್ಯಾಕ್ಸ್‌ವೆಲ್ ನಾಳೆ ತನ್ನ ಚಿಕ್ಕಪ್ಪನ ಮಗನ ಮದುವೆಗೆ ಒಂದು ವಾರ ಊರಿಗೆ ಬರುತ್ತಿದ್ದಾನೆ. ಕಾಗದವನ್ನು ನಿಮ್ಮ ಕೈಗೇ ಕೊಡಬೇಕು, ಹಲ್ವದ ಡಬ್ಬಿಯನ್ನು ಬೇಕಾದರೆ ಸೌಮ್ಯಶ್ರೀಗೆ ಕೊಡು ಎಂದು ಹೇಳಿದ್ದೇನೆ.

ಇದರಲ್ಲಿ ಎರಡು ವಿಷಯ ಉಂಟು. ಒಂದು ಸಂತೋಷದ್ದು. ಇನ್ನೊಂದು ಸೇಸಪ್ಪಣ್ಣನ ಬಾವಿಯದ್ದು, ಇಪ್ಪತ್ತೆಂಟು ವರ್ಷ ಒಂಬತ್ತು ತಿಂಗಳಿಂದ ನಿಮಗೆ ಹೇಳದೆ ಇಟ್ಟದ್ದು. ಅದನ್ನು ಓದಿದ ಮೇಲೆ ನೀವು ನನ್ನ ಜೊತೆ ಮಾತಾಡುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಆದ್ದರಿಂದ ಸಂತೋಷದ್ದನ್ನು ಮೊದಲು ಪೂರ್ತಿ ಬರೆದುಬಿಡುತ್ತೇನೆ.

ಮೆರಿಲ್ ಇಲ್ಲಿ ನೀರಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ ಎಂದು ನಿಮಗೆ ಗೊತ್ತು. ಏನು ಕೆಲಸ ಎಂದು ನನಗೂ ಬರುವವರೆಗೆ ಗೊತ್ತಿರಲಿಲ್ಲ. "ಫಿಲ್ಟರ್" ಎಂದು ಹೇಳುತ್ತಿದ್ದಳು, ಅಡುಗೆಮನೆಯ ಗೋಡೆಗೆ ನೇತು ಹಾಕುವ ಡಬ್ಬ ಎಂದು ತಿಳಿದಿದ್ದೆ. ಹಾಗಲ್ಲ. ನಮ್ಮ ಆರೋಗ್ಯ ಉಪಕೇಂದ್ರಕ್ಕೆ ಬರುತ್ತಿದ್ದ ಒಂದೇ ಪೇಪರನ್ನು ಮೊದಲ ಪುಟದಿಂದ ಟೆಂಡರ್ ಜಾಹೀರಾತಿನವರೆಗೆ ಓದುತ್ತಿದ್ದವರು ನೀವು, ಆದ್ದರಿಂದ ಸರಿಯಾಗಿ ಬರೆಯುತ್ತೇನೆ.

ಭೂಮಿಯ ಆಳದ ಕೆಲವು ಬಂಡೆಗಳಲ್ಲಿ ರೇಡಿಯಂ ಎಂಬ, ವಿಕಿರಣ ಸೂಸುವ ವಸ್ತು ಒಂದಿಷ್ಟು ಇರುತ್ತದೆ. ನೀರು ಬಹಳ ಕಾಲ ಆ ಬಂಡೆಯೊಳಗೆ ಕೂತರೆ ಅದನ್ನು ಕರಗಿಸಿಕೊಳ್ಳುತ್ತದೆ. ಕಾರ್ಖಾನೆಯವರು ಬಿಟ್ಟದ್ದಲ್ಲ, ಯಾರ ತಪ್ಪೂ ಅಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಲ್ಲೂ ಗೊತ್ತಾಗುವುದಿಲ್ಲ. ಒಂದು ಲೋಟ ಕುಡಿದರೆ ಏನೂ ಆಗುವುದಿಲ್ಲ. ಇಪ್ಪತ್ತು ವರ್ಷ ಅದನ್ನೇ ಕುಡಿದರೆ ಮೂಳೆಯಲ್ಲಿ ಹೋಗಿ ಕೂರುತ್ತದೆ. "ಕುದಿಸಿ ಆರಿಸಿ ಕುಡಿಯಿರಿ" ಎಂದು ಮನೆಮನೆಗೆ ಹೇಳಿ ನಾವಿಬ್ಬರೂ ಗಂಟಲು ಒಣಗಿಸಿಕೊಂಡೆವಲ್ಲ, ಆ ಮಾತು ಇಲ್ಲಿ ನಡೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ, ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಇದನ್ನು ಕೇಳಿ ನನಗೆ ಒಂದು ದಿನ ಬೇಸರವೇ ಆಯಿತು.

ಅಲ್ ಅಮೇರಾತ್ ದಾಟಿ, ಬೋಳು ಬೆಟ್ಟಗಳ ನಡುವೆ ಒಂದೂವರೆ ಗಂಟೆ ಕಾರಿನಲ್ಲಿ ಹೋದರೆ ಒಂಬತ್ತು ಮನೆಗಳ ಒಂದು ಊರು ಸಿಗುತ್ತದೆ. ವರದಿ ಇನ್ನೂ ಹೊರಗೆ ಬಂದಿಲ್ಲ, ಹೆಸರು ಬರೆಯಬೇಡ ಎಂದು ಮೆರಿಲ್ ಹೇಳಿದ್ದಾಳೆ. ಅಲ್ಲಿ ಉಮ್ ನಾಸಿರ್ ಎಂಬ ಎಪ್ಪತ್ತು ವರ್ಷದ ಹೆಂಗಸಿನ ಖರ್ಜೂರದ ತೋಟದಲ್ಲಿ ಒಂದು ಬಾವಿ. ಎರಡು ವರ್ಷದ ಹಿಂದೆ ಪರೀಕ್ಷೆಯಲ್ಲಿ ರೇಡಿಯಂ ಮಿತಿ ಮೀರಿದ್ದು ಕಂಡು ಅದಕ್ಕೆ ಕಬ್ಬಿಣದ ಮುಚ್ಚಳ ಹಾಕಿ ಬೀಗ ಜಡಿದರು. ಅಂದಿನಿಂದ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಕುಡಿಯಲು ತೊಂದರೆಯಿಲ್ಲ. ಆದರೆ ಮನೆಗೆ ಬಂದವರಿಗೆ ತನ್ನ ಗಂಡ ತೋಡಿಸಿದ ಬಾವಿಯ ನೀರಿನಲ್ಲಿ ಕಾಫಿ ಮಾಡಿ ಕೊಡಲು ಆಗುವುದಿಲ್ಲವಲ್ಲ ಎಂದು ಆಕೆಗೆ ನಾಚಿಕೆ. ಮೆರಿಲ್‌ಳನ್ನು ಕಂಡಾಗಲೆಲ್ಲ ಆಕೆ ಕೇಳುವುದು ಒಂದೇ ಪದ: "ರಮದಾನ್?" ಎಂದರೆ, ಉಪವಾಸದ ತಿಂಗಳು ಬರುವುದರೊಳಗೆ ಆಗುತ್ತದೆಯೇ, ಮೊದಲ ದಿನದ ಉಪವಾಸವನ್ನು ನನ್ನ ಬಾವಿಯ ನೀರು ಕುಡಿದು ಬಿಡಬಹುದೇ ಎಂದು. ಈ ಸಲ ರಂಜಾನ್ ಮಾರ್ಚ್ ಒಂದರ ಹೊತ್ತಿಗೆ ಬರುತ್ತದೆ. ಮೆರಿಲ್‌ಳ ಯೋಜನೆಯ ಅವಧಿ ಮುಗಿಯುವುದೂ ಫೆಬ್ರವರಿ ಕೊನೆಗೆ. ಅಷ್ಟರೊಳಗೆ ಒಂದು ಪರೀಕ್ಷೆಯಾದರೂ ಪಾಸಾಗದಿದ್ದರೆ ಯೋಜನೆ ನಿಲ್ಲುತ್ತದೆ, ಬಾವಿಯನ್ನು ಕಲ್ಲು ಹಾಕಿ ಮುಚ್ಚುತ್ತಾರೆ.

ಮೆರಿಲ್‌ಳ ಉಪಾಯ ಖರ್ಜೂರದ ಬೀಜ. ಇಲ್ಲಿ ಮನೆಗೆ ಕಾಲಿಟ್ಟವರಿಗೆ ಕಾಫಿ, ಖರ್ಜೂರ, ಬೀಜಕ್ಕೆ ಲೆಕ್ಕವಿಲ್ಲ. ಉಮ್ ನಾಸಿರ್ ಅದನ್ನು ನೆನೆಸಿ ಆಡುಗಳಿಗೆ ಹಾಕುತ್ತಿದ್ದಳು. ಇವಳು ಮೂಟೆ ಮೂಟೆ ತಂದು, ಗಾಳಿ ಸೋಕದಂತೆ ಸುಟ್ಟು, ಉಗಿ ಹಾಯಿಸಿ ಇದ್ದಿಲು ಮಾಡುತ್ತಾಳೆ. ಅದರೊಳಗೆ ಕಣ್ಣಿಗೆ ಕಾಣದ ತೂತುಗಳು. ಒಂದು ಚಮಚ ಇದ್ದಿಲಿನ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಎಕರೆ ಗದ್ದೆಯಷ್ಟಾಗುತ್ತದಂತೆ. ಆದರೆ ಬರಿಯ ಇದ್ದಿಲು ರೇಡಿಯಂ ಅನ್ನು ಸರಿಯಾಗಿ ಹಿಡಿಯುವುದಿಲ್ಲ. ಅದಕ್ಕೆ ಮ್ಯಾಂಗನೀಸಿನ ಒಂದು ತೆಳು ಲೇಪ ಕೊಡಬೇಕು. ಆಗ ನೀರು ಹರಿದು ಹೋಗುತ್ತದೆ, ರೇಡಿಯಂ ಲೇಪಕ್ಕೆ ಅಂಟಿಕೊಳ್ಳುತ್ತದೆ.

ಕಾಂತಕ್ಕ, ಆ ಲೇಪ ಕೊಡುವುದು ಯಾವುದರಿಂದ ಹೇಳಿ ನೋಡುವ? ನಮ್ಮ ಬಾವಿ ಮದ್ದಿನಿಂದ. ಅದೇ, ಬಾವಿ ನೀರು ಶುದ್ಧಿಗೆ ಹಾಕುತ್ತಿದ್ದ ನೇರಳೆ ಹರಳಿನ ಪರ್ಮಾಂಗನೇಟ್!

ನನಗೆ ಗೊತ್ತಾದದ್ದು ಹೀಗೆ. ಡಿಸೆಂಬರಿನಲ್ಲಿ ಒಂದು ದಿನ ಊಟಕ್ಕೆ ಕೂತಾಗ ಅವಳ ಬೆರಳ ತುದಿಗಳನ್ನು ನೋಡಿದೆ. ಕಂದು ಬಣ್ಣ, ಉಗುರಿನ ಸುತ್ತ ಕಪ್ಪು.

"ಎಂಥ ಇದು? ಗೇರುಹಣ್ಣಿನ ತೋಟಕ್ಕೆ ಹೋಗಿದ್ದಿಯಾ?" ಎಂದೆ.

"ಗ್ಲೌಸ್ ಹರಿದಿತ್ತು ಮಮ್ಮಿ. ಕೆಮಿಕಲ್. ಹೋಗುವುದಿಲ್ಲ, ಒಂದು ವಾರ ಇರುತ್ತದೆ."

ನಾನು ಎದ್ದು ಹೋಗಿ ಅರ್ಧ ಲಿಂಬೆ ತಂದು ತಿಕ್ಕಿದೆ. ಕಲೆ ಹೋಯಿತು. ಅವಳು ಬಾಯಿ ತೆರೆದು ನೋಡಿದಳು. ಐದು ವರ್ಷ ಕೆಮಿಸ್ಟ್ರಿ ಓದಿದ್ದಾಳೆ. "ನಿನಗೆ ಹೇಗೆ ಗೊತ್ತು?" ಎಂದಳು. ನಿನ್ನನ್ನು ಹೆರುವ ಹಿಂದಿನ ತಿಂಗಳವರೆಗೂ ನನ್ನ ಕೈ ಹೀಗೇ ಇತ್ತು ಎಂದೆ.

ಆಗ ಅವಳ ಸಂಕಟ ಹೊರಗೆ ಬಂತು. ಮೊದಲ ಪರೀಕ್ಷೆ ಫೇಲಾಗಿತ್ತು. ನೂರರಲ್ಲಿ ತೊಂಬತ್ತಾರು ಪಾಲು ರೇಡಿಯಂ ನಿಂತಿತ್ತು. ಆದರೆ ಲೇಪವೇ ಕಿತ್ತು ಬಂದು, ನಲ್ಲಿಯಿಂದ ಹೊರಬಂದ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಮ್ಯಾಂಗನೀಸ್ ಮಿತಿಯ ಐದು ಪಟ್ಟು. ಕಳ್ಳನನ್ನು ಹಿಡಿದ ಪೊಲೀಸನೇ ಮನೆಗೆ ನುಗ್ಗಿದ ಹಾಗೆ. ಆ ದಿನ ಬಚ್ಚಲುಮನೆಯ ಬಾಗಿಲು ಹಾಕಿ, ಸದ್ದು ಕೇಳಬಾರದೆಂದು ನಲ್ಲಿ ಬಿಟ್ಟು ಅತ್ತಳು. ನಾನು ಬಾಗಿಲು ತಟ್ಟಿ "ಅಳುವುದಾದರೆ ಅಳು, ನಲ್ಲಿ ನಿಲ್ಲಿಸು, ನೀರು ದಂಡ" ಎಂದೆ. ಒಳಗಿನಿಂದ ನಗು ಬಂತು. ಹೊರಗೆ ಬಂದು ಒಂದು ಬಾಟಲಿಯನ್ನು ನನ್ನ ಮುಂದಿಟ್ಟಳು. ಅದರಲ್ಲಿ ಲೇಪ ಕೊಟ್ಟ ಹೊಸ ಇದ್ದಿಲು, ಇನ್ನೂ ಬಾವಿಯ ನೀರು ಸೋಕದ್ದು. ಅಲ್ಲಾಡಿಸಿದರೆ ಮೇಲಿನ ನೀರು ಕಂದಾಗುತ್ತಿತ್ತು. ಮದ್ದನ್ನು ಗಟ್ಟಿಯಾಗಿ ಕಲಸಿ, ಕಾಯಿಸಿ, ಒಂದೇ ಸಲ ಸುರಿದು ಲೇಪ ಕೊಟ್ಟೆ ಎಂದಳು.

ನನಗೆ ಥಟ್ಟನೆ ಸೇಸಪ್ಪಣ್ಣನ ಬಾವಿಕಟ್ಟೆಯ ಇದ್ದಿಲು ನೆನಪಾಯಿತು. ನೀವು ಅಲ್ಲಿಯೇ ಇದ್ದವರು, ಆದರೂ ಅವಳಿಗೆ ಹೇಳಿದ ಹಾಗೆಯೇ ಬರೆಯುತ್ತೇನೆ. ತಪ್ಪಿದ್ದರೆ ತಿದ್ದಿ.

ತೊಂಬತ್ತಾರರ ಮೇ ತಿಂಗಳು. ಪಕ್ಕದ ಗ್ರಾಮದಲ್ಲಿ ವಾಂತಿಭೇದಿ. ಬ್ಲೀಚಿಂಗ್ ಪೌಡರ್ ಬಂದಿರಲಿಲ್ಲ, ಇದ್ದದ್ದು ಪರ್ಮಾಂಗನೇಟಿನ ಪೊಟ್ಟಣಗಳು. ಬಾವಿಗೊಂದು ಪೊಟ್ಟಣ, ನೀರು ತಿಳಿ ಗುಲಾಬಿಯಾಗಬೇಕು, ಅದಕ್ಕಿಂತ ಹೆಚ್ಚಲ್ಲ ಎಂದು ಡಾಕ್ಟರರ ಆದೇಶ. ಸೇಸಪ್ಪಣ್ಣನ ಮಗಳ ಮದುವೆ ಮನೆಯಂಗಳದಲ್ಲೇ. ಆ ವಾರ್ಡು ನಿಮ್ಮದು. ಮದುವೆಯ ದಿನ ಬೆಳಿಗ್ಗೆ ಬಾವಿ ನೀರು ನೇರಳೆ ಹಣ್ಣಿನ ರಸದ ಹಾಗಿತ್ತು. ಅಡುಗೆಯವರಿಗೆ ಹಂಡೆಯ ಹೊಗೆಯಲ್ಲಿ ಗೊತ್ತಾಗಲಿಲ್ಲ. ಅನ್ನ ಕಂದು ಬಣ್ಣಕ್ಕೆ ಬೆಂದಿತು. ದಿಬ್ಬಣ ಬಂತು. ಬಾಗಿಲಲ್ಲಿ ಕಾಲು ತೊಳೆಯಲು ಚೆಂಬಿನಲ್ಲಿ ನೀರು ಕೊಟ್ಟರು. ಧಾರೆಯ ಹೊತ್ತಿಗೆ ಮದುಮಗನಿಂದ ಹಿಡಿದು ಅವನ ಅಜ್ಜಿಯವರೆಗೆ ಎಲ್ಲರ ಪಾದವೂ ಕಂದು. ಬಿಳಿ ಪಂಚೆಯ ಅಂಚಿಗೆ ಕಲೆ. "ಹುಡುಗಿ ಕೊಡುತ್ತೀರೋ, ನಮಗೆ ಬಣ್ಣ ಹೊಡೆಯುತ್ತೀರೋ?" ಎಂದು ಗಂಡಿನ ಸೋದರಮಾವ ಕೂಗಿದ್ದು ನನ್ನ ಕಿವಿಯಲ್ಲಿ ಇನ್ನೂ ಉಂಟು. ಮೆರಿಲ್ ಇಲ್ಲಿಯವರೆಗೆ ಕೇಳಿ ಸೋಫಾದಿಂದ ಕೆಳಗೆ ಜಾರಿದಳು.

ಆಮೇಲೆ ಯಾರೋ ಹೇಳಿದರೆಂದು ತೆಂಗಿನ ಚಿಪ್ಪಿನ ಇದ್ದಿಲನ್ನು ಗೋಣಿಯಲ್ಲಿ ಕಟ್ಟಿ ಬಾವಿಗೆ ಇಳಿಬಿಟ್ಟರು. ಮೂರು ದಿನಕ್ಕೆ ನೀರು ತಿಳಿಯಾಯಿತು. ಮೇಲೆತ್ತಿದ ಇದ್ದಿಲನ್ನು ಬಟ್ಟೆ ಒಗೆಯುವ ಕಲ್ಲಿನ ಬುಡಕ್ಕೆ ಸುರಿದರು. ಅದರ ಮೇಲೆ ಕಂದು ಲೇಪ ಹಿಡಿದಿತ್ತು. ನಾನು ಆಮೇಲೆ ಏಳೆಂಟು ವರ್ಷ ಅಲ್ಲಿಗೆ ಲಸಿಕೆ ಪೆಟ್ಟಿಗೆ ಹಿಡಿದು ಹೋಗುತ್ತಿದ್ದೆನಲ್ಲ, ಆಗ ನೋಡುತ್ತಿದ್ದೆ. ಏಳೆಂಟು ಮಳೆಗಾಲ, ದಿನವೂ ಸಾಬೂನು ನೀರು, ಆದರೂ ಆ ಲೇಪ ಕಿತ್ತು ಬಂದಿರಲಿಲ್ಲ. ಒಮ್ಮೆ ನನ್ನ ಬಿಳಿ ಸೆರಗಿಗೆ ತಿಕ್ಕಿ ನೋಡಿದ್ದೆ, ಕಲೆಯಾಗಲಿಲ್ಲ.

"ಗಟ್ಟಿ ಮದ್ದು ಒಂದೇ ಸಲ ಸುರಿದರೆ ಸುಣ್ಣ ಬಳಿದ ಹಾಗೆ, ಪದರ ಏಳುತ್ತದೆ," ಎಂದೆ ಮೆರಿಲ್‌ಗೆ. "ತೆಳು ನೀರಿನಲ್ಲಿ, ತಣ್ಣಗೆ, ಮೂರು ದಿನ ಬಿಡು. ಅದಕ್ಕೆ ಬೇಕಾದಷ್ಟನ್ನು ಅದೇ ಎಳೆದುಕೊಳ್ಳಲಿ."

ಅವಳು ನಗುವುದನ್ನು ನಿಲ್ಲಿಸಿ ಪುಸ್ತಕ ತಂದಳು. ಬಾವಿಯ ಅಗಲ ಎಷ್ಟು? ಎಂಟು ಅಡಿ. ಮೇ ತಿಂಗಳಲ್ಲಿ ನೀರು? ಮೂರು ಅಡಿ. ಪೊಟ್ಟಣದ ತೂಕ? ಇಪ್ಪತ್ತು ಗ್ರಾಂ. ಇವೆಲ್ಲ ನನಗೆ ಇನ್ನೂ ಬಾಯಿಪಾಠ. ಎಷ್ಟು ಪೊಟ್ಟಣ?

"ಒಂದು," ಎಂದೆ.

ಅವಳು ಲೆಕ್ಕ ಮಾಡಿದಳು. ಇನ್ನೊಮ್ಮೆ ಮಾಡಿದಳು. "ಆಗುವುದಿಲ್ಲ ಮಮ್ಮಿ. ಒಂದು ಪೊಟ್ಟಣಕ್ಕೆ ಅಷ್ಟು ನೀರು ಗುಲಾಬಿ ಆಗಬಹುದು ಅಷ್ಟೇ. ನೇರಳೆ ಆಗುವುದಿಲ್ಲ, ಯಾರ ಕಾಲೂ ಕಂದಾಗುವುದಿಲ್ಲ. ಒಂದೋ ಬಾವಿ ಸುಳ್ಳು ಹೇಳುತ್ತಾ ಇದೆ, ಇಲ್ಲದಿದ್ದರೆ ನೀನು."

ವಯಸ್ಸಾಯಿತು, ನೆನಪಿಲ್ಲ ಎಂದು ಹೇಳಿ ಅಡುಗೆಮನೆಗೆ ಹೋದೆ. ಎರಡು ದಿನ ಮೀನು ಹೆಚ್ಚುವಾಗಲೂ ಜಪಸರ ಹಿಡಿದಾಗಲೂ ಅದೇ ಯೋಚನೆ. ತಪ್ಪು ಅಳತೆ ಕೊಟ್ಟರೆ ತಪ್ಪು ಲೇಪ, ಉಮ್ ನಾಸಿರ್‌ಳ ಬಾವಿಗೆ ಕಲ್ಲು. ಮೂರನೆಯ ದಿನ ಬೆಳಿಗ್ಗೆ ಅವಳು ಕಾರಿನ ಕೀಲಿ ಹುಡುಕುತ್ತಿರುವಾಗ "ಎರಡು ಪೊಟ್ಟಣ ಅಂತ ಬರೆದುಕೋ" ಎಂದೆ. ಅವಳು ನಿಂತು ಬೆರಳಲ್ಲೇ ಲೆಕ್ಕ ಹಾಕಿ, "ಎರಡಾದರೂ ಸ್ವಲ್ಪ ಕಡಿಮೆಯೇ ಕಾಣುತ್ತದೆ. ಇರಲಿ, ಇದು ನಂಬುವ ಹಾಗಿದೆ" ಎಂದು ಹೋದಳು. ಯಾಕೆ ಎರಡು ಎಂದು ಕೇಳಲಿಲ್ಲ. ಸಂಜೆ ಕೇಳಿದಳು. ಹೇಳಿದೆ. ನಿಮಗೂ ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಕ್ರಿಸ್ಮಸ್ ಮುಗಿದ ಮೇಲೆ ಅವಳು ಹಾಗೆಯೇ ಮಾಡಿದಳು: ತೆಳು ಮದ್ದು, ತಣ್ಣೀರು, ಮೂರು ದಿನ, ಬಸಿದು ತೊಳೆದು ಮತ್ತೆ ಮೂರು ದಿನ, ಹೀಗೆ ನಾಲ್ಕು ಸಲ. ಜನವರಿ ಹನ್ನೆರಡಕ್ಕೆ ಅದನ್ನು ಆಳೆತ್ತರದ ಕೊಳವೆಯಲ್ಲಿ ತುಂಬಿ ಉಮ್ ನಾಸಿರ್‌ಳ ಬಾವಿಯ ನೀರು ಹಾಯಿಸಿದರು. ಮ್ಯಾಂಗನೀಸಿನ ಫಲಿತಾಂಶ ಮರುದಿನವೇ ಬಂತು, ಮಿತಿಯ ಅರ್ಧಕ್ಕಿಂತ ಕೆಳಗೆ. ನೀರು ಕನ್ನಡಿಯ ಹಾಗಿತ್ತು. ಆದರೆ ರೇಡಿಯಂ ಅಳೆಯುವುದು ಅಷ್ಟು ಸುಲಭವಲ್ಲ. ನೀರನ್ನು ಡಬ್ಬಿಗೆ ತುಂಬಿ, ಗಾಳಿಯಾಡದಂತೆ ಬಾಯಿ ಮುಚ್ಚಿ, ಮೂರು ವಾರ ಮುಟ್ಟದೆ ಇಡಬೇಕು. ರೇಡಿಯಂನಿಂದ ಹುಟ್ಟುವ ಅನಿಲ ಒಳಗೆ ತುಂಬಿ ನಿಂತ ಮೇಲೆಯೇ ಯಂತ್ರಕ್ಕೆ ಇಡುವುದು. ಬೇಗ ತೆರೆದರೆ ಲೆಕ್ಕ ಕೆಟ್ಟಿತು. ಉಪ್ಪಿನಕಾಯಿ ಭರಣಿಯ ಹಾಗೆ ಎಂದು ನಾನು ಹೇಳಿದ್ದಕ್ಕೆ, ಅವಳ ಪ್ರಯೋಗಾಲಯದಲ್ಲಿ ಈಗ ಎಲ್ಲರೂ ಅದನ್ನು "ಪಿಕಲ್" ಎಂದೇ ಕರೆಯುತ್ತಾರಂತೆ.

ಫೆಬ್ರವರಿ ನಾಲ್ಕು, ಮಂಗಳವಾರ, ಹನ್ನೊಂದು ಗಂಟೆಗೆ ಫೋನ್ ಮಾಡಿದಳು. ಹೇಳಿದ್ದು ಎರಡೇ ಪದ: "ಖಲಾಸ್ ಮಮ್ಮಿ." ನನ್ನ ಕೈಯಿಂದ ಸೌಟು ಬಿತ್ತು. "ಹೋಗಲಿ ಬಿಡು ಮಗಾ, ಅತ್ತುಬಿಡು. ಊರಿಗೆ ಬಾ, ಅಲ್ಲಿಯೂ ನೀರು ಉಂಟು" ಎಂದು ಸಮಾಧಾನ ಹೇಳಲು ಶುರು ಮಾಡಿದೆ. ಅವಳು ಆ ಕಡೆಯಿಂದ "ಅಲ್ಲ ಮಮ್ಮಿ, ಇಲ್ಲಿ ಕೆಲಸ ಪೂರ್ತಿ ಆದರೂ ಖಲಾಸ್, ಹಾಳಾದರೂ ಖಲಾಸ್! ಪಾಸ್ ಆಯಿತು! ನೂರರಲ್ಲಿ ತೊಂಬತ್ತೇಳು!" ಎಂದು ಕೂಗಿದಳು. ಹಾಗೆ ಎರಡು ಅರ್ಥದ ಪದವನ್ನು ಮೊದಲು ಹೇಳಬಾರದು ಎಂದು ಬೈದೆ. ಬೈಯುತ್ತಲೇ ಅತ್ತೆ. ಮೀನಿನ ಸಾರು ತಳ ಹಿಡಿಯಿತು. ಮ್ಯಾಕ್ಸ್‌ವೆಲ್ ಮಧ್ಯಾಹ್ನ ಅದನ್ನೇ ಎರಡು ಸಲ ಹಾಕಿಸಿಕೊಂಡ.

ಹಿಡಿದ ರೇಡಿಯಂ ಎಲ್ಲಿಗೆ ಹೋಗುತ್ತದೆ ಎಂದು ನಾನು ಮೊದಲೇ ಕೇಳಿದ್ದೆ. ಬಳಸಿದ ಸೂಜಿಗಳನ್ನು ಎಲ್ಲಿ ಹಾಕುತ್ತೀರಿ ಎಂದು ನೀವು ಹೊಸ ನರ್ಸ್‌ಗಳನ್ನು ಮೊದಲ ದಿನವೇ ಕೇಳುತ್ತಿದ್ದ ಹಾಗೆ. ಹಳೆಯ ಇದ್ದಿಲನ್ನು ಎಸೆಯುವಂತಿಲ್ಲ. ಡ್ರಮ್ಮಿನಲ್ಲಿ ಮುಚ್ಚಿ, ಗುರುತು ಹಾಕಿ, ಅದಕ್ಕೆಂದೇ ಪರವಾನಗಿ ಇರುವ ಜಾಗಕ್ಕೆ ಒಪ್ಪಿಸುತ್ತಾರೆ. ಬಾವಿಕಟ್ಟೆಯಲ್ಲಿ ಸುರಿಯುವುದಿಲ್ಲ.

ಮೊನ್ನೆ ಶುಕ್ರವಾರ ನಾವೆಲ್ಲ ಉಮ್ ನಾಸಿರ್‌ಳ ಮನೆಗೆ ಹೋದೆವು. ಸದ್ಯಕ್ಕೆ ಸೋಸುವ ಕೊಳವೆಯ ನಲ್ಲಿಯಿಂದ ಮಾತ್ರ ನೀರು ಹಿಡಿಯಬಹುದು, ವಾರಕ್ಕೊಮ್ಮೆ ಪರೀಕ್ಷೆ ಎಂದು ಬರಹದಲ್ಲಿ ಅನುಮತಿ ಬಂದಿದೆ. ಆಕೆ ನಲ್ಲಿಯ ಮುಂದೆ ಚಾಪೆ ಹಾಕಿ, ಹಬ್ಬದ ಬಟ್ಟೆ ಉಟ್ಟು ಕೂತಿದ್ದಳು. ಮೊದಲ ಕೆಟಲ್ ನೀರನ್ನು ಯಾರಿಗೂ ಮುಟ್ಟಲು ಬಿಡದೆ ತಾನೇ ಹಿಡಿದಳು. ಏಲಕ್ಕಿ ಹಾಕಿದ ಕಾಫಿ, ಹಾಲಿಲ್ಲ, ಸಕ್ಕರೆಯಿಲ್ಲ, ಕವಡೆಯಷ್ಟು ಚಿಕ್ಕ ಕಪ್ಪಿನಲ್ಲಿ. ನಾನು ಕುಡಿದು ಕಪ್ಪನ್ನು ಮರ್ಯಾದೆಯಿಂದ ವಾಪಸು ಕೊಟ್ಟೆ, ಆಕೆ ತುಂಬಿದಳು. ಮತ್ತೆ ಕೊಟ್ಟೆ, ಮತ್ತೆ ತುಂಬಿದಳು. "ಯಲ್ಲಾ, ಪಿಯೋ, ಪಿಯೋ!" ಎಂದು ಒತ್ತಾಯ, ಆಕೆಗೆ ಬರುವ ಹಿಂದಿ ಅಷ್ಟೇ. ಏಳನೆಯದಕ್ಕೆ ಮೆರಿಲ್ ನಗು ತಡೆಯಲಾರದೆ, ಸಾಕಾದರೆ ಕಪ್ಪನ್ನು ಕೈಯಲ್ಲಿ ಅಲ್ಲಾಡಿಸಬೇಕು ಎಂದಳು. ಏಳು ಕಪ್ಪು ಅವಳು ಸುಮ್ಮನೆ ನೋಡುತ್ತಾ ಕೂತಿದ್ದಳು! ಸಾಕು ಎನ್ನಲು ತಿಳಿಯದೆ ಹೆಚ್ಚು ಸುರಿಯಿಸಿಕೊಳ್ಳುವುದು ನನ್ನ ಹಣೆಬರಹ ಎಂದುಕೊಂಡೆ.

ಇದನ್ನು ಕಲಿಸಿದ್ದು ಯಾರು ಎಂದು ಆಕೆ ಮೆರಿಲ್‌ಳನ್ನು ಕೇಳಿದಳು. ಮೆರಿಲ್ ನನ್ನ ಕಡೆ ಕೈ ತೋರಿಸಿದಳು. ಆಕೆ ಬಂದು ನನ್ನ ಹಣೆಗೆ ಮುತ್ತು ಕೊಟ್ಟಳು. ನನಗೆ ತಡೆಯಲಾಗಲಿಲ್ಲ. ನಾನಲ್ಲ, ಊರಿನಲ್ಲಿ ನನ್ನ ಅಕ್ಕ ಒಬ್ಬರಿದ್ದಾರೆ, ಕಲಿಸಿದ್ದು ಅವರ ವಾರ್ಡಿನ ಬಾವಿ ಎಂದೆ. ಮೆರಿಲ್ ಅದನ್ನು ಅರಬ್ಬಿಯಲ್ಲಿ ಹೇಗೆ ಹೇಳಿದಳೋ, ಉಮ್ ನಾಸಿರ್ ಒಳಗೆ ಹೋಗಿ ತನ್ನ ತೋಟದ ಖರ್ಜೂರವನ್ನು ಪೆಟ್ಟಿಗೆಯಲ್ಲಿ ತುಂಬಿ ತಂದಳು. ಹಲ್ವದ ಜೊತೆಗೆ ಅದೂ ಬರುತ್ತಿದೆ. ಅದು ನಿಮಗೆ.

ಮೆರಿಲ್ ತನ್ನ ಪುಸ್ತಕದಲ್ಲಿ ಪ್ರತಿ ಇದ್ದಿಲಿಗೂ ಒಂದು ಗುರುತು ಬರೆಯುತ್ತಾಳೆ. ಪಾಸಾದದ್ದಕ್ಕೆ ಏನು ಹೆಸರು ಎಂದು ನನ್ನನ್ನೇ ಕೇಳಿದಳು. "ಕೆ" ಎಂದು ಬರೆ, ಕಾಂತಾಮಣಿಯ ಕೆ ಎಂದೆ. ಅವಳೇ ಪಕ್ಕದಲ್ಲಿ ಎರಡು ಎಂದು ಸೇರಿಸಿದಳು, ಎರಡು ಪೊಟ್ಟಣದ ಎರಡು. ಹಾಗೆ ಅದು ಕೆ-೨. ಆ ಪುಸ್ತಕದಲ್ಲೂ ನಮ್ಮ ರಿಜಿಸ್ಟರಿನದೇ ನಿಯಮ: ಬರೆದದ್ದನ್ನು ಅಳಿಸುವಂತಿಲ್ಲ, ತಪ್ಪಾದರೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು.

ಮಾರ್ಚ್ ಮೊದಲ ವಾರ ನಾನು ಊರಿಗೆ ಬರುತ್ತೇನೆ. ನೀವು ಬಾಗಿಲು ತೆರೆದರೆ ಒಳಗೆ ಬರುತ್ತೇನೆ.

ನಿಮ್ಮ ಪ್ರೀತಿಯ
ಕ್ಲೆಮೆಂಟಿನಾ

ತಾ.ಕ.: ಎರಡನೆಯ ಪೊಟ್ಟಣ ನನ್ನದು, ಕಾಂತಕ್ಕ. ನಿಮ್ಮ ಮಗನಿಗೆ ಜ್ವರ, ನೀವು ರಜೆಯಲ್ಲಿದ್ದೀರಿ ಎಂದು ತಿಳಿದು, ನಿಮ್ಮ ಕೆಲಸ ತಪ್ಪಬಾರದೆಂದು ಮದುವೆಯ ದಿನ ಬೆಳಿಗ್ಗೆ ಇನ್ನೂ ಕತ್ತಲಿರುವಾಗ ಹೋಗಿ ಹಾಕಿ ಬಂದೆ. ನೀವು ಹಿಂದಿನ ಸಂಜೆಯೇ ಹಾಕಿದ್ದು ಗೊತ್ತಿರಲಿಲ್ಲ. ಡಾಕ್ಟರರು ಎಲ್ಲರ ಎದುರಿಗೆ ನಿಮ್ಮನ್ನು ಕೇಳಿದಾಗ ನೀವು ತಲೆ ತಗ್ಗಿಸಿ "ಹೌದು ಸರ್, ನಾನೇ ಹೆಚ್ಚು ಹಾಕಿದೆ" ಎಂದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ. ನನ್ನ ಕೆಲಸ ಖಾಯಂ ಆಗಿರಲಿಲ್ಲ, ಮೆರಿಲ್ ಎಂಟು ತಿಂಗಳು ಹೊಟ್ಟೆಯಲ್ಲಿ. ಇವು ಕಾರಣ, ಸಮರ್ಥನೆಯಲ್ಲ. ನನ್ನನ್ನು ಉಳಿಸಲೆಂದೇ ನೀವು ಒಪ್ಪಿಕೊಂಡಿರಿ ಎಂದು ಆ ದಿನದಿಂದ ತಿಳಿದಿದ್ದೇನೆ. ನಿಮ್ಮನ್ನು ಹೊಳೆಯ ನಡುವಿನ ಕುದ್ರುವಿಗೆ ವರ್ಗ ಮಾಡಿದರು, ಎರಡು ವರ್ಷ ದೋಣಿಯಲ್ಲಿ ಓಡಾಡಿದಿರಿ. ಕ್ಷಮಿಸಿ ಎಂದು ಬರೆಯಲು ಮೂರು ಕಾಗದ ಹರಿದೆ. ಇದು ನಾಲ್ಕನೆಯದು.

*

ಉಡುಪಿ
೧೫ ಫೆಬ್ರವರಿ ೨೦೨೫

ಕ್ಲೆಮೆಂಟಿನಾ,

ನಿನ್ನ ಕಾಗದ ಸಿಕ್ಕಿತು. ಮ್ಯಾಕ್ಸ್‌ವೆಲ್ ಅದನ್ನು ನನ್ನ ಕೈಗೇ ಕೊಟ್ಟ, ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಳ್ಳುವ ಹಾಗೆ ನಿಂತುಕೊಂಡ. ಸೌಮ್ಯಶ್ರೀ ಹಲ್ವದ ಡಬ್ಬಿ ಹಿಡಿದುಕೊಂಡು ಕಣ್ಣನ್ನು ಕಾಗದದ ಮೇಲೆಯೇ ಇಟ್ಟಿದ್ದಳು. "ಅತ್ತೆ, ನಾನು ಓದಿ ಹೇಳ್ಲಾ?" ಎಂದಳು. "ಹೋದದ್ದು ಕಿವಿ, ಕಣ್ಣಲ್ಲ" ಎಂದು ಹಿತ್ತಿಲಿಗೆ ಬಂದು ಓದಿದೆ.

ಮೆರಿಲ್ ಪಾಸಾದದ್ದನ್ನು ಓದಿ ಕೂಗಿದೆನಂತೆ. ಕಿವಿ ಕೇಳದವರಿಗೆ ತಮ್ಮ ಸ್ವರ ಎಷ್ಟೆಂದು ಗೊತ್ತಾಗುವುದಿಲ್ಲ. ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಬಂದರು. ಅವರಿಗೂ ಖರ್ಜೂರ ಕೊಟ್ಟೆ. ಬೀಜಗಳನ್ನು ಎಲ್ಲರಿಂದ ವಾಪಸು ಪಡೆದು, ತೊಳೆದು, ಒಣಗಿಸಿ ಮ್ಯಾಕ್ಸ್‌ವೆಲ್ ಕೈಯಲ್ಲಿ ಕಳಿಸಿದ್ದೇನೆ. ಎಂಬತ್ತಮೂರು ಇವೆ. ಆ ತಾಯಿಯ ಬಾವಿಗೆ ಆಗಲಿ. ಅವಳಿಗೆ ನನ್ನ ನಮಸ್ಕಾರ ಹೇಳು, ಕಪ್ಪು ಅಲ್ಲಾಡಿಸುವುದನ್ನು ನೆನಪಿಟ್ಟುಕೊ.

ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಗಟ್ಟಿಯಾಗಿ ಕೂತೆ. ಬರಲಿಲ್ಲ. ಕುದ್ರುವಿನ ಎರಡು ವರ್ಷ ನೀನು ತಿಳಿದಷ್ಟು ಕಷ್ಟದ್ದಲ್ಲ. ದೋಣಿಗೆ ಹುಟ್ಟು ಹಾಕಲು ಕಲಿತೆ. ಅಲ್ಲಿಯವರು ತಂದು ಕೊಟ್ಟಷ್ಟು ಮರುವಾಯಿ ಚಿಪ್ಪುಮೀನನ್ನು ನಾನು ಆಮೇಲೆ ಜನ್ಮದಲ್ಲಿ ತಿಂದಿಲ್ಲ. ಪ್ರತಿ ಶನಿವಾರ ನೀನು ಕೈಕೂಸು ಮೆರಿಲ್‌ಳನ್ನು ಎತ್ತಿಕೊಂಡು, ನೀರಿಗೆ ಹೆದರುವವಳು, ಕಣ್ಣು ಮುಚ್ಚಿ ದೋಣಿಯಲ್ಲಿ ಕೂತು ಬರುತ್ತಿದ್ದೆ. ಎಲ್ಲ ನನ್ನ ಮೇಲಿನ ಪ್ರೀತಿ ಎಂದು ತಿಳಿದಿದ್ದೆ. ಅರ್ಧ ಪ್ರೀತಿ, ಅರ್ಧ ಪ್ರಾಯಶ್ಚಿತ್ತ ಎಂದು ಈಗ ಗೊತ್ತಾಯಿತು. ಅರ್ಧವಾದರೂ ತುಂಬಾ ಆಯಿತು, ಮಾರಾಯ್ತಿ.

ಬಾಗಿಲು ತೆರೆದೇ ಇರುತ್ತದೆ. ಬೆಲ್ ಒತ್ತಬೇಡ, ಕೇಳುವುದಿಲ್ಲ. ಸೀದಾ ಒಳಗೆ ಬಾ.

ನಿನ್ನ
ಕಾಂತಕ್ಕ

ತಾ.ಕ.: ಸಿಟ್ಟು ಯಾಕೆ ಬರಲಿಲ್ಲ ಎಂದು ಮೇಲೆ ಬರೆಯಲು ನಾಚಿಕೆಯಾಯಿತು. ಆ ಸಂಜೆ ನಾನು ಬಾವಿಗೆ ಮದ್ದು ಹಾಕಿದಾಗ ಏಳು ಗಂಟೆ ದಾಟಿತ್ತು, ಮೋಡ ಬೇರೆ. ಎಷ್ಟು ಬಗ್ಗಿ ನೋಡಿದರೂ ಗುಲಾಬಿ ಬಣ್ಣ ಕಾಣಲಿಲ್ಲ. ಮದ್ದು ಹಳತಾಗಿದೆ, ಕೆಲಸ ಮಾಡಲಿಲ್ಲ ಎಂದುಕೊಂಡು ಇನ್ನೊಂದು ಪೊಟ್ಟಣ ಸುರಿದು, ರಿಜಿಸ್ಟರಿನಲ್ಲಿ ಒಂದು ಎಂದು ಬರೆದೆ. ಡಾಕ್ಟರರ ಎದುರು ಒಪ್ಪಿಕೊಂಡದ್ದು ನಿನ್ನನ್ನು ಉಳಿಸಲು ಅಲ್ಲ. ನಿನ್ನ ಪೊಟ್ಟಣದ ವಿಷಯ ನನಗೆ ಮೊನ್ನೆಯವರೆಗೆ ಗೊತ್ತೇ ಇರಲಿಲ್ಲ. ಎಲ್ಲ ನನ್ನ ಎರಡರದೇ ಕೆಲಸ ಎಂದು ತಿಳಿದಿದ್ದೆ. ಅಂದರೆ ಒಟ್ಟು ಮೂರು. ಮೆರಿಲ್‌ಳ ಲೆಕ್ಕ ಸರಿ, ಬಾವಿಯೂ ಸುಳ್ಳು ಹೇಳಲಿಲ್ಲ. ಪುಸ್ತಕದಲ್ಲಿ ಕೆ-೨ ಎಂಬುದರ ಮೇಲೆ ಒಂದು ಗೆರೆ ಎಳೆದು ಕೆ-೩ ಎಂದು ಬರೆಯಲು ಹೇಳು. ಪಕ್ಕದಲ್ಲಿ ಸಹಿ ನೀನು ಹಾಕು, ನನ್ನದನ್ನೂ ಸೇರಿಸಿ.